ದೊರೆಯ ಹಳೇ ಎಂಜಿನ್ನಿಗೆ ಮುಜುರೆ

ಕಲ್ಲುಗುಡ್ಡದ ದೊರೆ ಸರ್ಜಪ್ಪನಾಯಕರದು ಅಂಗೈಯಗಲದ ಸಂಸ್ಥಾನ. ಜಂಬಕ್ಕೆ ಮಾತ್ರ ಎಲ್ಲೆಯಿಲ್ಲ. ಜಂಬಕ್ಕೆ ತಕ್ಕಂತೆ ಆನೆಗಾತ್ರದ ಒಂದು ಮೋಟಾರು ಕಾರು. ಕಾರೇನೋ ದೊಡ್ಡದು, ಒಳಗಿನ ಎಂಜಿನ್ ಬಡಪಾಯಿ. ಕೋಟೆಯ ಏರು ಬಂತೆಂದರೆ ಸಿಪಾಯಿಗಳು ಇಳಿದು ತಳ್ಳಬೇಕು.

"ದೊರೆ ಕೂತ ಗಾಡಿಯನ್ನ ತಳ್ಳೋದೇ? ಕಿತ್ತು ಬಿಸಾಕಿ ಈ ಎಂಜಿನ್ನ! ಲಾರಿಯದು ತಂದು ಕೂರಿಸಿ!" ಎಂದರು ದೊರೆ.

ಊರಲ್ಲಿ ಬಾಡಿಗೆ ಕಾರು ಓಡಿಸುತ್ತಿದ್ದ ಇಮಾಮ್ ಸಾಬಿ ಅಲ್ಲೇ ಇದ್ದ. "ಹುಜೂರ್, ಲಾರಿ ಎಂಜಿನ್ ಭಾರ. ಮುಂದಿನ ಭಾರ ಹೊರೋ ಸ್ಪ್ರಿಂಗು ಪಟ್ಟಾ ಬದಲಾಯಿಸಬೇಕು, ಬ್ರೇಕೂ ಗಟ್ಟಿ ಮಾಡಿಸಬೇಕು" ಎಂದ.

"ಓಡೋದಕ್ಕೆ ಎಂಜಿನ್ ಕಣೋ! ಬ್ರೇಕು ಹೆದರುಪುಕ್ಕಲರಿಗೆ. ಬೇಕಾದರೆ ಆ ಹಳೇದನ್ನ ಎತ್ತಿಕೊಂಡು ಹೋಗು."

ಸಾಬಿಗೆ ಅಷ್ಟೇ ಸಾಕಾಗಿತ್ತು. ಅವನ ಪುಟ್ಟ ಕಾರಿನ ಎಂಜಿನ್ ಬಿರುಕು ಬಿಟ್ಟು, ಕಾರು ಹುಣಸೆಮರದಡಿ ನಿಂತಿತ್ತು, ಮನೆಯ ಒಲೆಯೂ ತಣ್ಣಗಾಗಿತ್ತು. ದೊರೆಯ ಎಂಜಿನ್ನಿಗೆ ಕೂರಲು ಕಬ್ಬಿಣದ ಹೊಸ ಕಾಲು ಬೆಸೆದು, ಗೇರು ಹೊಂದಿಸಿ ಕೂರಿಸಿದ. ಕಾನೂನಿಗೆ ತಲೆಬಾಗುವ ಮನುಷ್ಯ ಪಾಪ, ಪರವಾನಗಿ ಕೊಡುವ ಮೋಟಾರು ಅಮಲ್ದಾರರ ಬಳಿ ಹೋಗಿ "ಎಂಜಿನ್ ಬದಲಾಯಿಸಿದ್ದೀನಿ, ನೋಡಿ ಬರೆದುಕೊಳ್ಳಿ" ಅಂತಲೂ ಹೇಳಿದ. ಅಮಲ್ದಾರರು ಆಕಳಿಸಿ "ಆಗಲಿ ನೋಡೋಣ" ಎಂದರು.

ಹಗುರ ಕಾರಿಗೆ ಆ ಎಂಜಿನ್ ಹೇಳಿ ಮಾಡಿಸಿದ ಹಾಗೆ ಕೂತಿತು. ದೊರೆಯ ಕಾರಿನದು ಮೂಗಿಗಿಂತ ಮೂಗುತಿ ಭಾರ. ಲಾರಿ ಎಂಜಿನ್ನಿನ ತೂಕಕ್ಕೆ ಮೂತಿ ನೆಲ ಮುಟ್ಟುತ್ತಿತ್ತು. ಒಂದು ದಿನ ಕೋಟೆಯ ಏರಿನಲ್ಲಿ ದೊರೆ ಗರ್ ಗರ್ ಅಂತ ಏಗುತ್ತಿದ್ದಾಗ, ಇಮಾಮ್ ಸಾಬಿ ಹೆರಿಗೆನೋವಿನ ಹೆಂಗಸೊಬ್ಬಳನ್ನು ಕೂರಿಸಿಕೊಂಡು ಪಕ್ಕದಲ್ಲೇ ಭರ್ರನೆ ಹಾದುಹೋದ.

ದೊರೆಯ ಹೊಟ್ಟೆಗೆ ಬೆಂಕಿ ಬಿತ್ತು. ಅಂದೇ ಸಾಬಿಯ ಕಾರು ಜಪ್ತಿಯಾಗಿ ಅರಮನೆಯ ಅಂಗಳಕ್ಕೆ ಬಂತು.

"ಎಂಜಿನ್ ಅಂದರೆ ಗಾಡಿಯ ಪ್ರಾಣ," ದೊರೆ ದರ್ಬಾರಿನಲ್ಲಿ ಮೀಸೆ ತಿರುವಿದರು. "ಪ್ರಾಣ ಬದಲಾದರೆ ಗಾಡಿಯೇ ಬೇರೆ. ಹಳೇ ಗಾಡಿಯ ಪರವಾನಗಿ ಇದಕ್ಕೆ ನಡೆಯೋದಿಲ್ಲ. ನಾಳೆ ಸುತ್ತಿಗೆಯಲ್ಲಿ ಒಡೆದು ಗುಜರಿಗೆ ಹಾಕಿ. ಈ ಕಾನೂನಿನಲ್ಲಿ ತೂತು ಹುಡುಕೋ ಗಂಡು ಇದ್ದರೆ ಬರಲಿ!"

ಇಮಾಮ್ ಸಾಬಿ ಗಳಗಳ ಅತ್ತ. ಅಮಲ್ದಾರರು "ಸೂರ್ಯಪ್ರಕಾಶದಂಥ ಕಾನೂನು!" ಎಂದರು. ಆಸ್ಥಾನದ ವಿದೂಷಕ ವೆಂಕೋಬ ಮಾತ್ರ ನಶ್ಯ ಏರಿಸಿ ಎದ್ದು ನಿಂತ.

"ಇಂಥ ಕಾನೂನು ದರ್ಬಾರಿನಲ್ಲೇ ಉಳಿದರೆ ಹೇಗೆ, ಮಹಾಪ್ರಭು? ಡಂಗುರ ಹೊಡೆಸಿ. ಕೋಟೆ ಬಾಗಿಲಿನವರಿಗೂ ನಾನೇ ಹೇಳಿ ಬರ್ತೀನಿ."

"ಭೇಷ್! ಒಬ್ಬನಿಗಾದರೂ ಬುದ್ಧಿ ಇದೆ" ಎಂದರು ದೊರೆ. ಡಂಗುರ ಹೊಡೆದದ್ದೂ ಆಯಿತು.

ಮರುದಿನ ಬೆಳಿಗ್ಗೆ ದೊರೆ ತಾವೇ ಕಾರು ಓಡಿಸಿಕೊಂಡು ಕೆರೆ ಏರಿ ಕಡೆ ಸವಾರಿ ಹೋಗಿ ಬಂದರು. ಕಲ್ಲುಗುಡ್ಡದಲ್ಲಿ ಒಂದು ಪದ್ಧತಿ. ದೊರೆಯ ಕಾರು ಖಾಲಿ ಇದ್ದರೂ ಸರಿ, ಕಂಡರೆ ಕಹಳೆ ಊದಬೇಕು, ಸಿಪಾಯಿಗಳು ಮುಜುರೆ ಮಾಡಬೇಕು. ಅವತ್ತು ಕಹಳೆ ಕೇಳಿಸಿತು, ಆದರೆ ಕೋಟೆಯ ಒಳಗಿನಿಂದ. ಬಾಗಿಲು ಮುಚ್ಚಿತ್ತು.

"ಬಾಗಿಲು ತೆಗೆಯೋ!"

ಕಾವಲುಗಾರ ಕಿಂಡಿಯಲ್ಲಿ ಇಣುಕಿದ. "ಲಾರಿಗಳಿಗೆ ಒಳಗೆ ಪ್ರವೇಶ ಇಲ್ಲ, ಬುದ್ಧಿ."

"ಯಾವ ಲಾರಿಯೋ, ಅಯೋಗ್ಯ!"

"ನಿನ್ನೆ ಡಂಗುರ ಆಯ್ತಲ್ಲ ಬುದ್ಧಿ. ಎಂಜಿನ್ ಯಾವುದೋ ಗಾಡಿ ಅದೇ ಅಂತ."

ದೊರೆ ಧುಮುಕಿ ಇಳಿದು, ದಿಡ್ಡಿಬಾಗಿಲಲ್ಲಿ ನುಗ್ಗಿ ಅಂಗಳಕ್ಕೆ ಬಂದರು. ಅಲ್ಲಿ ನೋಡುವುದೇನು! ಇಮಾಮ್ ಸಾಬಿಯ ಡಕೋಟಾ ಕಾರಿಗೆ ಚೆಂಡುಹೂವಿನ ಹಾರ. ಸಿಪಾಯಿಗಳೆಲ್ಲ ಸಾಲಾಗಿ ಬಗ್ಗಿ ಮುಜುರೆ ಮಾಡುತ್ತಿದ್ದಾರೆ. ವೆಂಕೋಬ ಚಾಮರ ಬೀಸುತ್ತಿದ್ದಾನೆ. ಹಿಂದಿನ ಸೀಟಿನಲ್ಲಿ ಯಾರದೋ ಕೋಳಿಯೊಂದು ಕೂತು ಮರ್ಯಾದೆಯನ್ನೆಲ್ಲ ಸ್ವೀಕರಿಸುತ್ತಿದೆ.

"ಏನೋ ಇದು, ವೆಂಕೋಬ?"

"ತಮ್ಮ ಕಾರಿಗೆ ಸೇವೆ, ಪ್ರಭು. ತಮ್ಮ ಎಂಜಿನ್ ಇದರೊಳಗಿದೆ. ಎಂಜಿನ್ನೇ ಗಾಡಿ ಅಂದಮೇಲೆ ಇದೇ ತಾನೇ ರಾಜರ ಕಾರು? ಇದಕ್ಕೆ ಸುತ್ತಿಗೆ ಎತ್ತಿದವನಿಗೆ ರಾಜದ್ರೋಹದ ಶಿಕ್ಷೆ ಅಂತ ಹೇಳಿಬಿಟ್ಟಿದ್ದೀನಿ."

"ಹಾಗಾದರೆ ನಾನು ಬಂದದ್ದು?"

"ಪರವಾನಗಿ ಇಲ್ಲದ ಯಾವುದೋ ಲಾರಿ. ಅಮಲ್ದಾರರೇ, ಜಪ್ತಿ ಮಾಡಿ. ಓಡಿಸಿಕೊಂಡು ಬಂದವರು ಯಾರು ಅಂತಲೂ ಸ್ವಲ್ಪ ವಿಚಾರಿಸಿ."

ಅಮಲ್ದಾರರು ದೊರೆಯ ಮುಖ ನೋಡಿದರು, ಕಾಲ ಬೆರಳು ನೋಡಿಕೊಂಡರು, ಆಮೇಲೆ ಕಂಬದ ಮರೆಗೆ ಸರಿದರು.

ದೊರೆ ಗಡ್ಡ ಕೆರೆದುಕೊಂಡರು. ಎಂಜಿನ್ನೇ ಗಾಡಿ ಎಂದರೆ ತಾವು ಲಾರಿ ಡ್ರೈವರು. ಅಲ್ಲ ಎಂದರೆ ಈ ಕಾರು ಸಾಬಿಯದು. ಕೋಳಿ ಬೇರೆ ತಮ್ಮನ್ನೇ ದಿಟ್ಟಿಸಿ ನೋಡುತ್ತಿದೆ.

"ಸರಿ ಮಾರಾಯ! ಎಂಜಿನ್ ಬದಲಾದರೂ ಗಾಡಿ ಅದೇ. ಸಾಬೀ, ನಿನ್ನ ಕಾರು ತಗೊಂಡು ಹೋಗು. ಕಾನೂನು ರದ್ದು!"

"ಪೂರ್ತಿ ರದ್ದು ಬೇಡ, ಪ್ರಭು," ಎಂದ ವೆಂಕೋಬ. "ಎಂಜಿನ್ ಬದಲಾಯಿಸಿದವನು ಬಂದು ಹೇಳಲಿ. ಅಮಲ್ದಾರರು ಆಕಳಿಸದೆ ಬ್ರೇಕು, ಪಟ್ಟಾ ಎಲ್ಲ ನೋಡಲಿ, ಹೊಸ ಎಂಜಿನ್ನಿನ ನಂಬರು ಬರೆದುಕೊಳ್ಳಲಿ. ಸಾಬಿ ಕೇಳಿದ್ದೂ ಅಷ್ಟೇ. ತಪಾಸಣೆ ತಮ್ಮ ಕಾರಿನಿಂದಲೇ ಶುರುವಾದರೆ ಕೆರೆ ಏರಿಯ ಜನ ನೆಮ್ಮದಿಯಾಗಿ ನಡೆದಾಡ್ತಾರೆ."

ಇಮಾಮ್ ಸಾಬಿ ಕಣ್ಣೊರೆಸಿಕೊಂಡು ಕಾರು ಹತ್ತಿದ. ಹಾರ ತೆಗೆಯುವುದಕ್ಕೂ ನಿಲ್ಲಲಿಲ್ಲ, ಭರ್ರನೆ ಹೊರಟೇ ಹೋದ. ಕೋಳಿಯೂ ಹೋಯಿತು. ದೊರೆಗೆ ತಡೆಯಲಾಗದೆ ನಗು ಬಂತು. ಕೈಯ ಕಡಗ ಬಿಚ್ಚಿ ವೆಂಕೋಬನಿಗೆ ಕೊಟ್ಟು, ಬೆನ್ನು ತಟ್ಟಿದರು.

"ಲೋ, ಲಾರಿ ಎಂಜಿನ್ ಕೂರಿಸಿದ ಹಾಗೆ ನಿನ್ನ ಮಿದುಳನ್ನ ನನ್ನ ತಲೆಗೆ ಕೂರಿಸೋ ಹಾಗಿದ್ದರೆ ಎಷ್ಟು ಚೆನ್ನಾಗಿತ್ತೋ!"

ವೆಂಕೋಬ ಮೊದಲು ಕಡಗವನ್ನು ಭದ್ರವಾಗಿ ಸೊಂಟಕ್ಕೆ ಸಿಕ್ಕಿಸಿಕೊಂಡ. ಆಮೇಲೆ ದೊರೆಯ ತಲೆಯನ್ನು ಆ ಕಡೆಯಿಂದ ಒಮ್ಮೆ, ಈ ಕಡೆಯಿಂದ ಒಮ್ಮೆ ನೋಡಿದ.

"ಕೂರಿಸಬಹುದಿತ್ತು, ಮಹಾಪ್ರಭು. ಜಾಗ ಸಾಲೋದಿಲ್ಲ."