ವೈದ್ಯ ಕುಡಿದ ಕಷಾಯ

ತುಂಗಭದ್ರೆಯ ದಂಡೆಯಲ್ಲಿ ಚೆನ್ನಮಲ್ಲಯ್ಯ ಎಂಬ ವೈದ್ಯರ ಆಶ್ರಮವಿತ್ತು. ಹಾಲಪ್ಪ ಅಲ್ಲಿ ಒಂಬತ್ತು ವರ್ಷದಿಂದ ಶಿಷ್ಯನಾಗಿದ್ದ. ಮುನ್ನೂರು ಗಿಡಮೂಲಿಕೆಗಳ ಗುಣ ಅವನಿಗೆ ಬಾಯಿಪಾಠ. ಎದುರಿಗೆ ಕೂತ ರೋಗಿಯ ಹೆಸರು ಮಾತ್ರ ಮರೆತುಹೋಗುತ್ತಿತ್ತು.

ಒಂದು ದಿನ ಗುರುಗಳು, "ಇವತ್ತಿನಿಂದ ಬಂದವರನ್ನು ನೀನೇ ನೋಡು" ಎಂದರು.

ಮೊದಲು ಬಂದವಳು ಕುಂಬಾರರ ಸಾಂತವ್ವ. ಎರಡು ದಿನದಿಂದ ಅವಳಿಗೆ ಜ್ವರ.

"ನೆಲಬೇವಿನ ಕಷಾಯ. ದಿನಕ್ಕೆ ಮೂರು ಹೊತ್ತು, ಇಪ್ಪತ್ತೊಂದು ದಿನ" ಎಂದ ಹಾಲಪ್ಪ.

ಸಾಂತವ್ವನ ಮುಖ ಸಣ್ಣದಾಯಿತು. "ಅದು ಭಾಳ ಕಹಿ ಐತ್ರಿ."

"ಕಹಿ ಇದ್ದರೇನು? ಗುಣ ನೋಡಬೇಕು."

ಗುರುಗಳು ಒಳಗಿನಿಂದ ಎರಡು ಬಟ್ಟಲು ಕಷಾಯ ತಂದರು. ಒಂದನ್ನು ಸಾಂತವ್ವನ ಮುಂದಿಟ್ಟರು, ಇನ್ನೊಂದನ್ನು ಹಾಲಪ್ಪನ ಮುಂದೆ.

"ಗುರುಗಳೇ, ನನಗೆ ಜ್ವರ ಇಲ್ಲ."

"ಗೊತ್ತು. ಏನು ಕೊಡುತ್ತೀಯೋ ಅದನ್ನು ಜೊತೆಗೆ ನೀನೂ ಕುಡಿ. ಕೊನೆಯ ದಿನದವರೆಗೂ."

ಹಾಲಪ್ಪ ಕುಡಿದ. ಕಿವಿಯೆಲ್ಲ ಝುಮ್ಮೆಂದಿತು. ಬಾಯಿಪಾಠ ಮಾಡಿದ ಶ್ಲೋಕದಲ್ಲಿ ಒಂದೇ ಮಾತಿಗೆ ಮುಗಿದುಹೋಗಿದ್ದ ಕಹಿ, ಮಧ್ಯಾಹ್ನದ ಊಟ ಮುಗಿದರೂ ಬಾಯಿ ಬಿಟ್ಟು ಏಳಲಿಲ್ಲ.

ಸಾಂತವ್ವನಿಗೆ ಮೂರನೇ ದಿನಕ್ಕೇ ಜ್ವರ ಬಿಟ್ಟಿತು. ಆದರೂ ನಾಲ್ಕನೇ ದಿನ ಬಂದು ಕೂತಳು.

"ಇನ್ನೂ ಹದಿನೆಂಟು ದಿನ ಐತಲ್ರಿ" ಎಂದು ಅವನ ಮುಖವನ್ನೇ ನೋಡಿದಳು.

"ಸಾಕು ತಾಯಿ, ನಿಮಗೆ ಪೂರ್ತಿ ಗುಣವಾಗಿದೆ" ಎಂದು ಹಾಲಪ್ಪ ಕೈಮುಗಿದ.

ಅಲ್ಲಿಂದ ಅವನ ವೈದ್ಯದ ದಾರಿಯೇ ಬೇರೆಯಾಯಿತು. ಕೆಮ್ಮಿದವರಿಗೆ ಸಿಹಿ ಬೇರಾದ ಜ್ಯೇಷ್ಠಮಧು, ಹೊಟ್ಟೆ ನೊಂದವರಿಗೂ ಜ್ಯೇಷ್ಠಮಧು. ಕಾಲು ಉಳುಕಿಸಿಕೊಂಡು ಬಂದವನಿಗೆ ಜೇನುತುಪ್ಪದಲ್ಲಿ ಕಲಸಿದ ಜ್ಯೇಷ್ಠಮಧು. ಆಶ್ರಮದ ಮುಂದೆ ಜನ ಸಾಲುಗಟ್ಟಿದರು. ಯಾರಿಗೂ ಬೇಗ ಗುಣವಾಗುತ್ತಿರಲಿಲ್ಲ, ಯಾರಿಗೂ ಅದರ ಬೇಸರವೂ ಇರಲಿಲ್ಲ. ಹಾಲಪ್ಪ ಮೈಕೈ ತುಂಬಿಕೊಂಡ.

ಗುರುಗಳು ದಿನವೂ ಆ ಸಾಲನ್ನು ನೋಡಿಕೊಂಡು ಒಳಗೆ ಹೋಗುತ್ತಿದ್ದರು.

ಒಂದು ಬೆಳಿಗ್ಗೆ ದೇವಕ್ಕ ಎಂಬವಳು ಗಂಡನನ್ನು ಬಂಡಿಯಲ್ಲಿ ಮಲಗಿಸಿಕೊಂಡು ಬಂದಳು. ಅವನು ದೋಣಿ ನಡೆಸುವ ಯಂಕಪ್ಪ. ಐದು ದಿನದ ಹಿಂದೆ ಸಣ್ಣ ಜ್ವರವೆಂದು ನಡೆದೇ ಬಂದು ಹೋಗಿದ್ದ. ಈಗ ಮೈ ಕಾದ ಹಂಚಿನಂತೆ ಸುಡುತ್ತಿತ್ತು. ಹೆಂಡತಿಯ ಗುರುತೂ ಹತ್ತುತ್ತಿರಲಿಲ್ಲ.

"ನೀವು ಕೊಟ್ಟ ಸಿಹಿ ಔಷಧಾನ ಒಂದು ಹೊತ್ತೂ ತಪ್ಪಿಸಿಲ್ರಿ" ಎಂದಳು ದೇವಕ್ಕ.

ಅವಳು ದೂರಲಿಲ್ಲ. ದೂರಿದ್ದರೆ ಹಾಲಪ್ಪನಿಗೆ ಹಗುರವಾಗುತ್ತಿತ್ತು.

ಗುರುಗಳು ಬಂದು ನಾಡಿ ಹಿಡಿದು ನೋಡಿದರು. "ಏನು ಕೊಡಬೇಕೆಂದು ನಿನಗೆ ಗೊತ್ತಿದೆ" ಎಂದಷ್ಟೇ ಹೇಳಿದರು.

ಹಾಲಪ್ಪ ನೆಲಬೇವು, ಅಮೃತಬಳ್ಳಿ ಎರಡನ್ನೂ ಕುದಿಸಿ ಗಟ್ಟಿಯಾಗಿ ಬತ್ತಿಸಿದ. ಮೊದಲ ಗುಟುಕನ್ನು ಯಂಕಪ್ಪ ಅವನ ಎದೆಯ ಮೇಲೇ ಉಗಿದು ಹಲ್ಲು ಕಚ್ಚಿಕೊಂಡ.

"ಇಲ್ಲಿ ನೋಡು ಯಂಕಪ್ಪ, ನಾನೂ ಕುಡಿಯುತ್ತೇನೆ."

ಹಾಲಪ್ಪ ಬಟ್ಟಲನ್ನು ಒಂದೇ ಉಸಿರಿಗೆ ಬರಿದು ಮಾಡಿದ. ಕಣ್ಣಲ್ಲಿ ನೀರು ಬಂತು, ಮೂಗು ಸೊಟ್ಟಗಾಯಿತು. ಯಂಕಪ್ಪ ಒಂದು ಕಣ್ಣು ತೆರೆದು ಆ ಮುಖವನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಬಾಯಿ ತೆರೆದ.

ಆರು ದಿನ ಹಾಗೇ ನಡೆಯಿತು. ಅವನಿಗೊಂದು ಬಟ್ಟಲು, ಇವನಿಗೊಂದು ಬಟ್ಟಲು. ಹಾಲಪ್ಪನಿಗೆ ಅನ್ನದ ರುಚಿಯೇ ಮರೆತುಹೋಯಿತು. ಯಂಕಪ್ಪನ ಹೆಸರು ಮಾತ್ರ ಮರೆಯಲಿಲ್ಲ.

ಏಳನೇ ದಿನ ಯಂಕಪ್ಪ ಎದ್ದು ಕೂತು ಗಂಜಿ ಕೇಳಿದ.

ಊರಿಗೆ ಹೊರಟು ನಿಂತಾಗ ಅವನು ಗುರುಗಳಿಗೆ ಹೇಳಿದ: "ಔಷಧದ ಸುದ್ದಿ ನನಗ ತಿಳಿಯಂಗಿಲ್ರಿ. ಇವರು ಇಷ್ಟು ತ್ರಾಸು ಪಟ್ಟು ಕುಡಿಯಾಕತ್ಯಾರ, ಇನ್ನ ನಾ ಸತ್ತರ ಚಂದ ಕಾಣಂಗಿಲ್ಲ ಅಂತ ಬದುಕಿದೆ."

ಬಂಡಿ ಮರೆಯಾದ ಮೇಲೂ ಹಾಲಪ್ಪ ಅಲ್ಲೇ ನಿಂತಿದ್ದ.

"ಗುರುಗಳೇ, ನಿಜ ಹೇಳಿ. ಜ್ವರ ಇಳಿದದ್ದು ಕಷಾಯದಿಂದಲೋ, ಜೊತೆಗೆ ನಾನು ಕುಡಿದದ್ದರಿಂದಲೋ?"

"ನನಗೂ ಗೊತ್ತಿಲ್ಲಪ್ಪ" ಎಂದರು ಗುರುಗಳು. "ಒಂದನ್ನು ಬಿಟ್ಟು ಇನ್ನೊಂದನ್ನು ಕೊಟ್ಟು ನೋಡುವ ಧೈರ್ಯ ನಲವತ್ತು ವರ್ಷದಲ್ಲಿ ನನಗೆ ಬಂದಿಲ್ಲ."