ಬೀಗರ ಕೈಯ ಉಪ್ಪು

ಮದುವೆಮನೆಯಲ್ಲಿ ತಪ್ಪು ಹುಡುಕದಿದ್ದರೆ ಬೀಗರಿಗೆ ಉಂಡದ್ದು ಅರಗುವುದಿಲ್ಲ. ವರನ ದೊಡ್ಡಪ್ಪ ಪುಟ್ಟನಂಜಪ್ಪನವರಂತೂ ಬೆಳಗಿನ ಇಡ್ಲಿ, ಕಾಫಿ ಎರಡನ್ನೂ ವಾಪಸ್ ಕಳಿಸಿದ್ದರು. ಹುಡುಗಿಯ ಅಪ್ಪ ಅಳುವುದೊಂದೇ ಬಾಕಿ. ಅಡುಗೆಯವನಿಗೆ ರೇಗಿಹೋಯಿತು. ಆದರೂ ಕೈಮುಗಿದು ದೊಡ್ಡಪ್ಪನನ್ನು ಒಲೆಯ ಮುಂದೆ ಕರೆತಂದ.

“ಸ್ವಾಮಿ, ಬೀಗರ ಪಂಕ್ತಿಯ ಸಾರಿಗೆ ಉಪ್ಪು ತಮ್ಮ ಕೈಯಿಂದಲೇ ಬೀಳಲಿ. ನಮಗೆಲ್ಲಿ ಬರಬೇಕು ಆ ಹದ?”

ದೊಡ್ಡಪ್ಪ ಉಬ್ಬಿಹೋಗಿ ಹಿಡಿ ಹಿಡಿ ಸುರಿದರು. ಊಟಕ್ಕೆ ಕೂತವರಿಗೆಲ್ಲ ಅದನ್ನೇ ಹೇಳಿಕೊಂಡರು.

ಸಾರು ಬಡಿಸಿದ್ದೇ ತಡ, ಅವರ ಹೆಂಡತಿಯೇ ಮುಖ ಕಿವುಚಿದರು. “ರೀ, ಬರೀ ಉಪ್ಪು!”

“ನಾಲಿಗೆ ಕೆಟ್ಟಿದೆಯೇನೇ ನಿಂಗೆ? ಇಂಥ ಸಾರು ಜನ್ಮದಲ್ಲಿ ಉಂಡಿದ್ದೀಯಾ?” ದೊಡ್ಡಪ್ಪನ ಕಣ್ಣಲ್ಲಿ ನೀರಾಡುತ್ತಿತ್ತು.

ಅಡುಗೆಯವನು ಬಗ್ಗಿ ಕೇಳಿದ. “ಇನ್ನೊಂದು ಸೌಟು ಹಾಕಲಾ, ಸ್ವಾಮಿ?”

“ಹಾಕಯ್ಯ!” ಅಂದರು. ಬೇಡ ಅನ್ನಲು ಬಾಯೆಲ್ಲಿತ್ತು?