ಎದ್ದಜ್ಜಿ ಗುಡ್ಡ

ನಮ್ಮೂರಿಂದ ಮೂಡಲಕ್ಕೆ, ಜಾಲಿಗಿಡಗಳ ಆಚೆ, ಒಂದು ಬೋಳು ಗುಡ್ಡ ಇದೆ. ಅಂಥಾ ಎತ್ತರವೇನಿಲ್ಲ, ಮೇಕೆಮರೀನೂ ಒಂದೇ ಉಸಿರಿಗೆ ಹತ್ತುತ್ತೆ. ನೆತ್ತಿ ಮೇಲೆ ಒಂದು ಹಾಸುಬಂಡೆ, ಅದರ ಪಕ್ಕ ಒಂದು ಹಳೇ ಬೇವಿನಮರ. ಸರ್ಕಾರದ ನಕ್ಷೇಲಿ ಇದಕ್ಕೆ ಹೆಸರಿಲ್ಲ. ನಾವು ಎದ್ದಜ್ಜಿ ಗುಡ್ಡ ಅಂತೀವಿ.

ಹಿಂದೊಂದು ಕಾಲದಲ್ಲಿ ಊರಲ್ಲಿ ಈರಜ್ಜಿ ಅಂತ ಸೂಲಗಿತ್ತಿ ಇದ್ಲಂತೆ. ನೂರು ವರ್ಷದೋಳು ಅಂತ ನಮ್ಮಪ್ಪ ಹೇಳ್ತಿದ್ದ. ನಾನು ನೂರಿಪ್ಪತ್ತು ಅಂತೀನಿ, ಇಲ್ಲ ಅನ್ನೋರು ಯಾರೂ ಆಗ ಹುಟ್ಟಿರ್ಲಿಲ್ಲ. ಉದುರಿದ ಹಲ್ಲು ಮೂರನೇ ಸಲ ಬಂದಿದ್ವಂತೆ. ಅವಳು ಗದರಿದ್ರೆ ಪಕ್ಕದೂರಿನ ಎಮ್ಮೆ ಕೂಡ ಸಲೀಸಾಗಿ ಕರು ಹಾಕ್ತಿತ್ತಂತೆ. ಊರಲ್ಲಿ ಓಡಾಡೋ ಅಷ್ಟೂ ಜನಾನ ಮೊದಲು ಕೈಯಲ್ಲಿ ಹಿಡಿದೋಳು ಅವಳೇ. ಊರ ಯಜಮಾನ ಓಬಳಪ್ಪ ಮೀಸೆ ತಿರುವಿದ್ರೆ, "ಲೋ ಓಬಳ, ನಿನ್ನ ತಲೆಕೆಳಗೆ ಹಿಡಿದು ಕುಂಡಿಗೆ ಬಾರಿಸಿದ ಮೇಲೇನೇ ಕಣೋ ನೀನು ಉಸಿರು ಬಿಟ್ಟಿದ್ದು" ಅಂತ ಎಲ್ಲರೆದುರೇ ಅನ್ನೋಳು. ಮಗ ಸೊಸೆ ಇಬ್ಬರೂ ತೀರಿಹೋಗಿ, ಮೊಮ್ಮಗ ಪಾತಲಿಂಗನ್ನ ಅವಳೇ ಸಾಕಿ ದೊಡ್ಡೋನ್ನ ಮಾಡಿದ್ಲು.

ಒಂದ್ಸಲ ಜ್ವರ ಹತ್ತಿ ಅಜ್ಜಿ ಅಲ್ಲಾಡದಂಗೆ ಮಲಗಿಬಿಟ್ಲು. ಅಷ್ಟು ವಯಸ್ಸಾದೋಳು, ಹೋಗಿರ್ತಾಳೆ ಅಂದ್ಕೊಂಡ್ರು. ಮೂಗಿನ ಹತ್ರ ಬೆರಳಿಟ್ಟು ನೋಡಿದೋರಿಲ್ಲ, ಸಾಕಿದ ಮೊಮ್ಮಗನೂ ನೋಡ್ಲಿಲ್ಲ. ಚಟ್ಟ ಕಟ್ಟಿದ್ರು, ತಮಟೆ ಬಡಿದ್ರು, ಪಾತಲಿಂಗ ಬೆಂಕಿ ಮಡಕೆ ಹಿಡ್ಕೊಂಡು ಮುಂದೆ ನಡೆದ. ಊರ ಗಡಿಕಲ್ಲು ದಾಟಿ, ಈ ಗುಡ್ಡದ ಬುಡದಲ್ಲಿ ಹೆಗಲು ಬದಲಾಯಿಸೋಕೆ ಚಟ್ಟ ಇಳಿಸಿದ್ರು ನೋಡು, ಅಜ್ಜಿ ಎದ್ದು ಕೂತ್ಲು! ಹೊತ್ತೋರು ಓಡಿದ ರಭಸಕ್ಕೆ ಎದ್ದ ಧೂಳು ಸಂಜೆವರೆಗೂ ಇಳೀಲಿಲ್ಲ ಅಂತಾರೆ.

"ಪಾತ, ಬಾಯಾರಿಕೆ ಆಗ್ತಿದೆ, ಮನೆಗೆ ನಡಿ" ಅಂದ್ಲು ಅಜ್ಜಿ.

ದೂರ ನಿಂತಿದ್ದ ಓಬಳಪ್ಪ ಅಡ್ಡ ಬಂದ. ಚಟ್ಟದ ಮೇಲೆ ಗಡಿಕಲ್ಲು ದಾಟಿದೋರು ತಿರುಗಿ ಊರೊಳಗೆ ಕಾಲಿಡೋ ಹಂಗಿಲ್ಲ, ಇಟ್ರೆ ಮನೆಮನೆಗೂ ಸಾವು ಬರುತ್ತೆ, ಅದು ಊರ ಕಟ್ಟು. ಅಜ್ಜಿ ಮೊಮ್ಮಗನ ಮುಖ ನೋಡಿದ್ಲು. ಅವನ ಹೆಂಡತಿ ಆಗ ತುಂಬು ಬಸುರಿ. ಅವನು ನೆಲ ನೋಡ್ದ. ಬಾ ಅನ್ಲಿಲ್ಲ. "ಹೋಗ್ಲಿ ಬಿಡು, ಇಲ್ಲಿ ಗಾಳಿ ಚೆನ್ನಾಗಿದೆ" ಅಂತ ಅಜ್ಜಿ ತಾನೇ ಗುಡ್ಡ ಹತ್ತಿದ್ಲು.

ಪಾತಲಿಂಗ ದಿನಾ ಮುದ್ದೆ ಸಾರು ತಂದಿಟ್ಟು, ಮುಖ ಕೊಟ್ಟು ಮಾತಾಡಲಾರದೆ ವಾಪಸ್ ಹೋಗೋನು. ಅಷ್ಟರಲ್ಲಿ ಅವನ ಹೆಂಡತಿಗೆ ನೋವು ಶುರುವಾಯ್ತು. ಮಗು ಅಡ್ಡ ತಿರುಗಿತ್ತು, ಬೇರೆ ಸೂಲಗಿತ್ತಿ ಇಲ್ಲ. ಹೆಂಡತೀನ ಗಾಡೀಲಿ ಹಾಕ್ಕೊಂಡು ಅದೇ ಗುಡ್ಡಕ್ಕೆ ತಂದ. ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಆ ಹಾಸುಬಂಡೆ ಮೇಲೆ ಹೆರಿಗೆ ಮಾಡಿಸಿದ್ಲು. ಹೆಣ್ಣುಮಗು. "ತಗೋ, ಮನೆಗೆ ಕರ್ಕೊಂಡ್ಹೋಗು" ಅಂತ ಅವನ ಕೈಗಿಟ್ಲು.

ಆ ಮಾತು ಅವನಿಗೆ ನುಂಗೋಕಾಗ್ಲಿಲ್ಲ. ಮಾರನೇ ದಿನ ಹಾರೆ ತಗೊಂಡು ಗಡಿಕಲ್ಲು ಅಗೆಯೋಕೆ ನಿಂತ.

"ಏನ್ ಮಾಡ್ತಿದೀಯೋ?" ಅಂದ ಓಬಳಪ್ಪ.

"ಅಜ್ಜಿ ಕಲ್ಲು ದಾಟಿ ಬರಬಾರದು ತಾನೇ? ಕಲ್ಲೇ ಅಜ್ಜೀನ ದಾಟಿ ಹೋಗ್ಲಿ, ಯಜಮಾನ್ರೇ."

ಓಬಳಪ್ಪ ಗುಡ್ಡದ ನೆತ್ತಿ ಕಡೆ ನೋಡ್ದ. ಆಮೇಲೆ ಪಂಚೆ ಮೇಲೆ ಕಟ್ಟಿ ತಾನೂ ಕೈ ಹಾಕ್ದ. ಒಬ್ಬೊಬ್ಬರಾಗಿ ಊರೆಲ್ಲ ಬಂತು, ಯಾರೂ ಯಾರ ಮುಖಾನೂ ನೋಡ್ಲಿಲ್ಲ. ಆನೆ ಎಳೆದ್ರೂ ಅಲ್ಲಾಡದ ಕಲ್ಲನ್ನ ಗುಡ್ಡದ ಆಚೆ ಮಗ್ಗುಲಿಗೆ ಹೊತ್ತು ನೆಟ್ರು.

"ಅಜ್ಜಿ, ಈಗ ಬಾ."

"ಎಲ್ಲಿಗೋ? ಈಗ ನಾನು ಊರೊಳಗೇ ಇದೀನಲ್ಲ" ಅಂತ ನಕ್ಕಳು ಅಜ್ಜಿ. ಎಷ್ಟು ಕರೆದ್ರೂ ಇಳೀಲಿಲ್ಲ. ಆಮೇಲೂ ಬಹಳ ವರ್ಷ ಬದುಕಿದ್ಲು, ಊರಿನ ಮಕ್ಕಳೆಲ್ಲ ಆ ಬಂಡೆ ಮೇಲೇ ಹುಟ್ಟಿದ್ವು. ಕಡೆಗೆ ನಿಜವಾಗ್ಲೂ ಕಣ್ಣು ಮುಚ್ಚಿದಾಗ ಪಾತಲಿಂಗ ಚಟ್ಟ ಎತ್ತೋಕೆ ಬಿಡ್ಲಿಲ್ಲ. ಕಿವಿ ಹತ್ರ ಬಗ್ಗಿ, ಹೊತ್ತು ಇಳಿಯೋವರೆಗೂ ಕರೀತಾನೇ ಇದ್ನಂತೆ.

ಇವತ್ತಿಗೂ ನಮ್ಮೂರಲ್ಲಿ ಯಾರೇ ತೀರಿಕೊಂಡ್ರೂ ಚಟ್ಟಾನ ಗುಡ್ಡದ ಬುಡದಲ್ಲಿ ಇಳಿಸ್ತಾರೆ. ತಮಟೆ ನಿಲ್ಲುತ್ತೆ. ಮಗನೋ ಮೊಮ್ಮಗಳೋ ಬಗ್ಗಿ, "ಮನೆಗೆ ಹೋಗೋಣ ಬಾ" ಅಂತ ಕರೀತಾರೆ. ಆಮೇಲೆ ಎಲ್ಲರೂ ಕೂತು ಕಾಯ್ತಾರೆ. ರಸ್ತೇಲಿ ಹೋಗೋ ಬಸ್ಸಿನೋರು ಕಿಟಕಿಯಿಂದ ಇಣುಕಿ ನೋಡ್ತಾರೆ. ಹೆಗಲು ಕೊಡೋಕೆ ಮಾತ್ರ ಯಾರೂ ಮೊದಲು ಏಳಲ್ಲ.